ಮಾಸ್ಕ್ ಹಾಕಿಕೊಂಡವರನ್ನು ಯಾಕೆಂದು ಕೇಳಬೇಡಿ

ಮಿಯಾಪುರ, ಚಂದಾನಗರ, ಬಾಚುಪಲ್ಲಿ, ಬಿಎಚ್‌ಇಎಲ್ ಸುತ್ತಮುತ್ತಲಿನ ಕನ್ನಡ ಬಂಧುಗಳಲ್ಲಿ ವಿನಂತಿ

“ಕೊರೊನಾ ಹೋಗಿ ಎಷ್ಟು ದಿನ ಆತು, ಇನ್ನೂ ಯಾಕ ಮಾಸ್ಕ್ ಹಾಕ್ಕೊಂಡೀರ್ರಿ?”

ಈ ಮಾತು ಮಿಯಾಪುರದಲ್ಲಿ ದಿನಾ ಕಿವಿಗೆ ಬೀಳುತ್ತದೆ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಮೆಟ್ರೊ ಡಬ್ಬಿಯಲ್ಲಿ, ಸೀಮಂತದ ಮನೆಯಲ್ಲಿ, ಆಲ್ವಿನ್ ಕ್ರಾಸ್ ರೋಡ್ಸಿನಲ್ಲಿ ಬೀದರ್ ಬಸ್ಸಿಗೆ ಕಾದು ನಿಂತಾಗ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಮಾತಿಗೊಂದು ನೆಪ, ಅಷ್ಟೆ. ಆದರೂ ಆ ಪ್ರಶ್ನೆಯನ್ನು ಇನ್ನು ಮುಂದೆ ಕೇಳಬೇಡಿ ಎಂದು ಬೇಡಿಕೊಳ್ಳುವುದಕ್ಕೇ ಈ ಕರಪತ್ರ ಹಂಚುತ್ತಿದ್ದೇವೆ.

ಎಲ್ಲರೂ ಮಾಸ್ಕ್ ಹಾಕಲೇಬೇಕು ಎಂದು ನಾವು ಹೇಳುತ್ತಿಲ್ಲ. ದಂಡ ಮತ್ತೆ ಬರಲಿ, ಪೊಲೀಸರು ಮತ್ತೆ ಚೌಕದಲ್ಲಿ ನಿಂತು ರಸೀದಿ ಹರಿಯಲಿ ಎಂದೂ ಅಲ್ಲ. ಆ ಕಾಲ ಮುಗಿದದ್ದು ಒಳ್ಳೆಯದೇ ಆಯಿತು. ನಾವು ಕೇಳುವುದು ಎರಡೇ: ಹಾಕಿಕೊಂಡವರನ್ನು ಅವರ ಪಾಡಿಗೆ ಬಿಡಿ, ನಿಮಗೆ ಕೆಮ್ಮು, ನೆಗಡಿ, ಜ್ವರ ಇದ್ದ ದಿನ ಜನರ ನಡುವೆ ಹೋಗಲೇಬೇಕಾದರೆ ನೀವೂ ಒಂದು ಹಾಕಿಕೊಳ್ಳಿ.

ಮಿಯಾಪುರ ಎಂಥ ಊರು ಎಂಬುದನ್ನು ನೆನಪಿಗೆ ತಂದುಕೊಳ್ಳಿ. 2017ರ ನವೆಂಬರ್ 28ರಂದು ಹೈದರಾಬಾದ್ ಮೆಟ್ರೊ ಉದ್ಘಾಟನೆಯಾದದ್ದು ಇಲ್ಲೇ. ಮುಂಬಯಿ ಹೆದ್ದಾರಿಯಲ್ಲಿ ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಬರುವ ನಮ್ಮ ಬೀದರ್, ಹುಮನಾಬಾದ್, ಕಲಬುರಗಿ ಕಡೆಯ ಜನಕ್ಕೆ ಈ ಮಹಾನಗರದ ಬಾಗಿಲು ತೆರೆಯುವುದೂ ಇಲ್ಲೇ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳೆಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಗಡಿ ಬದಲಾಗಿ ಇಷ್ಟು ವರ್ಷವಾದರೂ ಆಸ್ಪತ್ರೆಯ ದಾರಿ ಬದಲಾಗಲಿಲ್ಲ. ಹೃದಯ, ಕಿಡ್ನಿ, ಕ್ಯಾನ್ಸರ್, ಏನೇ ದೊಡ್ಡ ಕಾಯಿಲೆ ಬಂದರೂ ಆ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು “ಹೈದರಾಬಾದಿಗೆ ಒಯ್ಯೋಣು” ಎಂಬುದೇ. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರ ಸಾವು ಭಾರತದ ಮೊದಲ ಕೋವಿಡ್ ಸಾವೆಂದು ದಾಖಲಾಯಿತು. ಅವರನ್ನು ಚಿಕಿತ್ಸೆಗೆ ಕರೆತಂದದ್ದೂ ಇದೇ ಹೈದರಾಬಾದಿಗೆ. ಊರಿಗೆ ಮರಳುವ ದಾರಿಯಲ್ಲೇ ಜೀವ ಹೋಯಿತು.

ಹಾಗಾಗಿ ಇಲ್ಲಿಯ ಬಸ್ ನಿಲ್ದಾಣದಲ್ಲಿ, ಮೆಟ್ರೊದಲ್ಲಿ ನಿಮ್ಮ ಪಕ್ಕ ಮಾಸ್ಕ್ ಹಾಕಿಕೊಂಡು ಕೂತವರು ರೋಗಿಯೇ ಆಗಿರಬಹುದು. ಆಲ್ವಿನ್ ಕ್ರಾಸ್ ರೋಡ್ಸಿನಲ್ಲಿ ನಾವೇ ಕಂಡದ್ದನ್ನು ಹೇಳುತ್ತೇವೆ. ಬೀದರ್ ಬಸ್ಸಿಗೆ ಕಾಯುತ್ತಿದ್ದ ಒಬ್ಬ ತಾಯಿ. ಸೆರಗಿನ ಕೆಳಗೆ ತಲೆಗೆ ಬಿಗಿದು ಕಟ್ಟಿದ ಅರಿವೆ, ಮೂಗಿನ ಮೇಲೆ ನೀಲಿ ಮಾಸ್ಕ್, ಕಾಲ ಬುಡದಲ್ಲಿ ಸ್ಕ್ಯಾನಿಂಗ್ ಕವರು ಇಣುಕುತ್ತಿದ್ದ ಚೀಲ. ಕಿಮೊ ನಡೆದಿದೆ, ಬಿಳಿ ರಕ್ತಕಣ ಇಳಿದಿವೆ, ಗದ್ದಲದಲ್ಲಿ ಮಾಸ್ಕ್ ಬಿಚ್ಚಬೇಡಿ ಎಂದು ಡಾಕ್ಟರು ಹೇಳಿದ್ದಾರೆ ಎಂದು ಅವರ ಮಗ ನಮ್ಮ ಹತ್ತಿರ ಹೇಳಿಕೊಂಡಿದ್ದ. ಅಷ್ಟರಲ್ಲಿ ಊರ ಕಡೆಯ ಪರಿಚಿತರೊಬ್ಬರು ಬಂದರು. “ಏನ್ ಅಕ್ಕಾರ, ಇನ್ನೂ ಕೊರೊನಾದ ಅಂಜಿಕಿ ಹೋಗಿಲ್ಲೇನು?” ಎಂದು ನಕ್ಕರು. ಸುತ್ತ ನಿಂತಿದ್ದ ನಾಲ್ಕು ಜನ ತಿರುಗಿ ನೋಡಿದರು. ಆ ತಾಯಿ “ಸುಮ್ನ ಹಾಕ್ಕೊಂಡೀನ್ರಿ” ಎಂದು ಮಾಸ್ಕನ್ನು ಗದ್ದದ ಕೆಳಗೆ ಎಳೆದುಕೊಂಡರು. ತನ್ನ ಕಾಯಿಲೆಯ ಹೆಸರನ್ನು ರಸ್ತೆಯಲ್ಲಿ ನಿಂತು ಹೇಳುವುದಕ್ಕಿಂತ ಮಾಸ್ಕ್ ತೆಗೆಯುವುದೇ ಅವರಿಗೆ ಸುಲಭವಾಯಿತು. ಬಸ್ ಬಂತು, ಹಾಗೆಯೇ ಹತ್ತಿದರು. ಒಳಗೆ ಕಾಲಿಡಲು ಜಾಗವಿರಲಿಲ್ಲ, ಬೀದರಿಗೆ ಸುಮಾರು ಮೂರು ಗಂಟೆಯ ದಾರಿ.

ಆ ಪರಿಚಿತರನ್ನು ನಾವು ದೂರುವುದಿಲ್ಲ. ಅವರಿಗೆ ಗೊತ್ತಿರಲಿಲ್ಲ. ಆದರೆ ನಮ್ಮ ವಾದ ನಿಂತಿರುವುದು ಅಲ್ಲಿಯೇ: ಗೊತ್ತಿರುವುದಿಲ್ಲ. ಕಿಡ್ನಿ ಕಸಿಯಾದವರು ದೇಹ ಹೊಸ ಕಿಡ್ನಿಯನ್ನು ತಳ್ಳದಿರಲೆಂದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಗುಳಿಗೆಯನ್ನು ವರ್ಷಗಟ್ಟಲೆ ನುಂಗುತ್ತಾರೆ. ದಮ್ಮು ಇದ್ದವರಿಗೆ ಸಾದಾ ನೆಗಡಿಯೂ ಎದೆಗೆ ಇಳಿಯುತ್ತದೆ. ಮನೆಯಲ್ಲಿ ಹಸುಗೂಸು ಇರುವವರು, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆ, ಹೈಟೆಕ್ ಸಿಟಿಯಿಂದ ರಾತ್ರಿ ಪಾಳಿ ಮುಗಿಸಿ ಬಂದು ತಾಯಿಯ ಡಯಾಲಿಸಿಸ್‌ಗೆ ಓಡುವ ಹುಡುಗ, ಇವರ ಹಣೆಯ ಮೇಲೆ ಏನೂ ಬರೆದಿರುವುದಿಲ್ಲ. ಏನೂ ಕಾಯಿಲೆಯಿಲ್ಲದೆ, ಬರೀ ಎಚ್ಚರಿಕೆಗೆಂದು ಹಾಕಿಕೊಂಡವರೂ ಇದ್ದಾರೆ. ಅವರೂ ಯಾರಿಗೂ ಕಾರಣ ಕೊಡಬೇಕಿಲ್ಲ.

ಮುಖ ಮುಚ್ಚಿಕೊಳ್ಳುವುದು ನಮಗೆ ಹೊಸದಲ್ಲ. ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿ ಮಾಡುವಾಗ ದೂಳಿಗೆ ಮೂಗು-ಬಾಯಿ ಸೇರಿಸಿ ಟವೆಲ್ ಕಟ್ಟಿಕೊಳ್ಳುತ್ತಾರೆ. ಇಲ್ಲಿಯ ಬಾಚುಪಲ್ಲಿ ರಸ್ತೆಯಲ್ಲಿ ಸ್ಕೂಟಿ ಓಡಿಸುವ ಹುಡುಗಿಯರು ಕಣ್ಣಷ್ಟೇ ಕಾಣುವ ಹಾಗೆ ಚುನ್ನಿ ಸುತ್ತಿಕೊಳ್ಳುತ್ತಾರೆ. ಅವರನ್ನು ಯಾರೂ ನಿಲ್ಲಿಸಿ ಯಾಕೆಂದು ಕೇಳುವುದಿಲ್ಲ. ಮಾಸ್ಕ್ ಒಂದಕ್ಕೇ ಯಾಕೆ ಈ ತನಿಖೆ?

ಕಾರಣವಿದೆ. ನಮಗೆ ಮಾಸ್ಕ್ ಪರಿಚಯವಾದದ್ದು ಔಷಧದ ಅಂಗಡಿಯಿಂದಲ್ಲ, ಪೊಲೀಸ್ ಚೌಕಿಯಿಂದ. 2021ರ ಏಪ್ರಿಲ್‌ನಲ್ಲಿ ತೆಲಂಗಾಣದಲ್ಲಿ ಮಾಸ್ಕ್ ಇಲ್ಲದಿದ್ದರೆ 1,000 ರೂಪಾಯಿ ದಂಡ. ಅದಕ್ಕೂ ಮೊದಲು, 2020ರ ಅಕ್ಟೋಬರ್‌ನಲ್ಲಿ, ಕರ್ನಾಟಕ ಸರ್ಕಾರ ನಗರಗಳಲ್ಲಿ ಸಾವಿರಕ್ಕೇರಿಸಿದ್ದ ದಂಡವನ್ನು ಜನ ಗಲಾಟೆ ಮಾಡಿದ ಮೇಲೆ 250ಕ್ಕೂ, ಹಳ್ಳಿಗಳಲ್ಲಿ 100ಕ್ಕೂ ಇಳಿಸಿತ್ತು. ಜಹೀರಾಬಾದ್ ದಾಟಿ ಗಡಿ ಮುಟ್ಟಿದರೆ ದಂಡದ ಮೊತ್ತವೇ ಬೇರೆ! ಕಾರಿನಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರೂ ಪೊಲೀಸರು ಕಂಡ ತಕ್ಷಣ ಕರ್ಚೀಫು ಮೇಲೇರುತ್ತಿತ್ತು, ದಾಟಿದ ಮೇಲೆ ಕೆಳಗಿಳಿಯುತ್ತಿತ್ತು. ವಿಪತ್ತು ನಿರ್ವಹಣಾ ಕಾಯ್ದೆಯಡಿ ಹೊರಡಿಸಿದ್ದ ಆದೇಶಗಳನ್ನು 2022ರ ಮಾರ್ಚ್ 31ರ ನಂತರ ಮುಂದುವರಿಸುವುದಿಲ್ಲ ಎಂದು ಕೇಂದ್ರ ಗೃಹ ಸಚಿವಾಲಯ ಹೇಳಿತು. ಆಗಲೂ ಮಾಸ್ಕ್, ಕೈತೊಳೆಯುವ ಸಲಹೆ ಮಾತ್ರ ಇರಲಿ ಎಂದಿತ್ತು. ನಾವು ದಂಡ ಹೋದದ್ದನ್ನು ಕೇಳಿಸಿಕೊಂಡೆವು, ಸಲಹೆಯನ್ನು ಕೇಳಿಸಿಕೊಳ್ಳಲಿಲ್ಲ. ಪೊಲೀಸರಿಗಾಗಿ ಹಾಕಿದ್ದು ಪೊಲೀಸರ ಜೊತೆಗೇ ಹೋಯಿತು.

ಆದೇಶದ ತಾರೀಖು ವೈರಸ್‌ಗೆ ಗೊತ್ತಿಲ್ಲ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ 82 ವರ್ಷದ ವೃದ್ಧರೊಬ್ಬರು ಎಚ್3ಎನ್2 ಎಂಬ ಫ್ಲೂನಿಂದ ತೀರಿಕೊಂಡರು. ಅದು ಕೊರೊನಾ ಅಲ್ಲವೇ ಅಲ್ಲ. ಅದೇ ವರ್ಷ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಡಿಸೆಂಬರ್‌ನಲ್ಲಿ ಜೆಎನ್.1 ತಳಿ ಬಂದಾಗ 60 ದಾಟಿದವರು, ಬೇರೆ ಕಾಯಿಲೆ ಇರುವವರು ಮಾಸ್ಕ್ ಹಾಕಿಕೊಳ್ಳಿ ಎಂದು ಕರ್ನಾಟಕ ಸರ್ಕಾರ ಮತ್ತೆ ಹೇಳಬೇಕಾಯಿತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರು. ಕ್ಷಯವೂ ಹರಡುವುದು ಗಾಳಿಯಲ್ಲೇ. ಮಿಯಾಪುರದಲ್ಲಿ ಹತ್ತಿದ ಮೆಟ್ರೊ ಕೂಕಟ್‌ಪಲ್ಲಿ, ಮೂಸಾಪೇಟೆ ದಾಟಿ ಎರ್ರಗಡ್ಡದಲ್ಲಿ ನಿಲ್ಲುತ್ತದಲ್ಲ, ಅಲ್ಲಿರುವುದು ಸರ್ಕಾರಿ ಎದೆರೋಗಗಳ ಆಸ್ಪತ್ರೆ. ಮುಂದಿನದು ಇಎಸ್‌ಐ ಆಸ್ಪತ್ರೆ. ಇನ್ನೂ ಮುಂದೆ ಹೋದರೆ ಪಂಜಾಗುಟ್ಟದ ನಿಮ್ಸ್‌ಗೆ, ಲಕಡಿ ಕಾ ಪುಲ್ ಬಳಿಯ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಗೆ ಇಳಿಯುವವರು. ಕೆಮ್ಮುವವರೂ ಕೆಮ್ಮಿಗೆ ಹೆದರಬೇಕಾದವರೂ ಒಂದೇ ಡಬ್ಬಿಯಲ್ಲಿ, ಕಿಟಕಿ ತೆರೆಯಲಾಗದ ಎಸಿಯಲ್ಲಿ ಒತ್ತಿಕೊಂಡು ನಿಲ್ಲುವ ದಾರಿ ಇದು.

“ಮಾಸ್ಕಿನಿಂದ ಏನೂ ಉಪಯೋಗವಿಲ್ಲ ಅಂತ ಸಾಬೀತಾಗಿದೆ” ಎಂಬ ಮಾತೂ ಫೋನಿನಿಂದ ಫೋನಿಗೆ ಹರಿದಾಡಿತು. 2023ರ ಜನವರಿಯಲ್ಲಿ ಬಂದ ಕೊಕ್ರೇನ್ ಸಂಸ್ಥೆಯ ಸಮೀಕ್ಷೆಯೊಂದು ಆ ಮಾತಿಗೆ ಆಧಾರ. ನಮ್ಮ ಸಮೀಕ್ಷೆಯಿಂದ ಹಾಗೆ ಹೇಳಲು ಬರುವುದಿಲ್ಲ, ಸಿಕ್ಕ ಪುರಾವೆ ನಿರ್ಣಾಯಕವಲ್ಲ ಎಂದು ಆ ಸಂಸ್ಥೆಯ ಪ್ರಧಾನ ಸಂಪಾದಕರೇ ಮಾರ್ಚ್‌ನಲ್ಲಿ ಸ್ಪಷ್ಟನೆ ಕೊಟ್ಟರು. ಅದು ಅಷ್ಟು ದೂರ ಹರಿದಾಡಲಿಲ್ಲ. ನಮ್ಮಂಥದೇ ಜನದಟ್ಟಣೆಯ ಬಾಂಗ್ಲಾದೇಶದಲ್ಲಿ 600ರಷ್ಟು ಹಳ್ಳಿಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ದಂಡವಿಲ್ಲ, ಪೊಲೀಸರಿಲ್ಲ. ಮನೆಮನೆಗೆ ಮಾಸ್ಕ್ ಕೊಟ್ಟರು, ಊರಿನ ಹಿರಿಯರಿಂದ, ಮಸೀದಿಯ ಇಮಾಮರಿಂದ ಒಂದು ಮಾತು ಹೇಳಿಸಿದರು, ರಸ್ತೆಯಲ್ಲಿ ನಯವಾಗಿ ನೆನಪಿಸಿದರು. ನೂರರಲ್ಲಿ 13 ಜನ ಸರಿಯಾಗಿ ಮಾಸ್ಕ್ ಹಾಕುತ್ತಿದ್ದ ಕಡೆ 42 ಜನ ಹಾಕತೊಡಗಿದರು. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ರೋಗಲಕ್ಷಣವಿದ್ದ ಕೋವಿಡ್ ಶೇ. 11ರಷ್ಟು ತಗ್ಗಿತು, 60 ದಾಟಿದವರಲ್ಲಿ ಸುಮಾರು ಶೇ. 35ರಷ್ಟು. ಬಟ್ಟೆಯ ಮಾಸ್ಕಿನಿಂದ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಲೇಬೇಕು. ಅರ್ಧಕ್ಕಿಂತ ಕಡಿಮೆ ಜನ ಹಾಕಿದ್ದಕ್ಕೇ ಇಷ್ಟು ಫಲ, ಅದೂ ಹೆಚ್ಚಾಗಿ ಮುದುಕರಿಗೆ! ನಮ್ಮ ಅಪ್ಪ ಅಮ್ಮಂದಿರ ವಯಸ್ಸಿನವರಿಗೆ.

ಹೀಗೆ ಮಾಸ್ಕ್ ಕಂಡು ನಗುವುದೂ ಇಂದಿನದಲ್ಲ. 1910ರ ಕೊನೆಗೆ ಚೀನಾದ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗ್ ಎದ್ದಿತು. ಅದನ್ನು ತಡೆಯಲು ಹೋದವರು ಪೆನಾಂಗ್‌ನಲ್ಲಿ ಹುಟ್ಟಿದ, ಮೂವತ್ತರ ಆಸುಪಾಸಿನ ಡಾಕ್ಟರ್ ವು ಲಿಯನ್-ತೆ. ಇದು ಇಲಿಯಿಂದಲ್ಲ, ಉಸಿರಿನಿಂದ ಹರಡುತ್ತಿದೆ ಎಂದು ಗುರುತಿಸಿ, ಗಾಜ್ ಬಟ್ಟೆಯ ನಡುವೆ ಹತ್ತಿಯಿಟ್ಟು ಮಾಸ್ಕ್ ಮಾಡಿಸಿ ಎಲ್ಲರಿಗೂ ತೊಡಿಸಿದರು. ಪ್ಲೇಗ್ ಕಂಡು ಅನುಭವವಿದ್ದ ಫ್ರೆಂಚ್ ವೈದ್ಯ ಮೆನಿ ಅವರಿಗೆ ಈ ಹುಡುಗನ ಮಾತು ಹಿಡಿಸಲಿಲ್ಲ. ಮಾಸ್ಕ್ ಇಲ್ಲದೆ ರೋಗಿಗಳ ಹತ್ತಿರ ಹೋದರು. 1911ರ ಜನವರಿಯಲ್ಲಿ, ಕೆಲವೇ ದಿನಗಳಲ್ಲಿ, ಅದೇ ಪ್ಲೇಗ್‌ಗೆ ಬಲಿಯಾದರು. ಅಷ್ಟು ಕಲಿತವರಿಗೂ ಬಿಗುಮಾನ ಅಡ್ಡ ಬಂತು. ಜಪಾನಿನಲ್ಲಾದರೆ ನೆಗಡಿಯಾದವರು ತಾವಾಗಿಯೇ ಮಾಸ್ಕ್ ಹಾಕಿಕೊಂಡು ರೈಲು ಹತ್ತುವ ರೂಢಿ ಕೊರೊನಾಕ್ಕಿಂತ ಬಹಳ ಹಿಂದಿನದು. 2023ರ ಮಾರ್ಚ್ 13ರಿಂದ ಅಲ್ಲಿಯ ಸರ್ಕಾರ ಹಾಕುವುದು ಬಿಡುವುದು ನಿಮ್ಮ ತೀರ್ಮಾನ ಎಂದಿತು. ಆಮೇಲೂ ಬೇಕಾದವರು ಹಾಕಿಕೊಂಡೇ ಓಡಾಡಿದರು.

ಇನ್ನೊಂದು ಪಕ್ಷದ ಮಾತನ್ನೂ ನಾವು ಬಲ್ಲೆವು. ಕಿವಿ ಕೇಳಿಸದವರು ತುಟಿ ನೋಡಿ ಮಾತು ತಿಳಿಯುತ್ತಾರೆ. ಅವರೊಡನೆ ಮಾತಾಡುವಾಗ ಸ್ವಲ್ಪ ದೂರ ನಿಂತು ಮಾಸ್ಕ್ ಇಳಿಸಿ. ಚಿಕ್ಕ ಮಕ್ಕಳ ಮೇಲೆ ಒತ್ತಾಯ ಬೇಡ. ಬ್ಯಾಂಕಿನಲ್ಲಿ, ಮೆಟ್ರೊ ತಪಾಸಣೆಯಲ್ಲಿ ಗುರುತಿಗೆ ಮುಖ ತೋರಿಸಿ ಎಂದರೆ ತೋರಿಸಿ ಮತ್ತೆ ಹಾಕಿಕೊಂಡರಾಯಿತು. ಆದರೆ “ಗಿರಾಕಿಗೆ ಮುಖ ಕಾಣಬೇಕು, ಮಾಸ್ಕ್ ತೆಗಿ” ಎಂದು ಅಂಗಡಿಯ ಹುಡುಗಿಗೆ ಗದರಿಸುವ ಮಾಲೀಕರಿದ್ದಾರಲ್ಲ, ಅದನ್ನು ನಾವು ಒಪ್ಪುವುದಿಲ್ಲ. ಹಾಕು ಎಂದು ಬಲವಂತ ಮಾಡುವುದು ತಪ್ಪಾದರೆ ತೆಗೆ ಎಂದು ಬಲವಂತ ಮಾಡುವುದೂ ಅಷ್ಟೇ ತಪ್ಪು. ನಿಯಮ ಹೋದಾಗ ನಮಗೆ ದಕ್ಕಿದ ಸ್ವಾತಂತ್ರ್ಯ ಬಿಚ್ಚುವವರದು ಮಾತ್ರವಲ್ಲ.

ಹಾಕಿಕೊಳ್ಳುವವರಿಗೆ ಎರಡು ಮಾತು. ಬಟ್ಟೆಗಿಂತ ಮೂರು ಪದರದ ಸರ್ಜಿಕಲ್ ಮಾಸ್ಕ್ ಮೇಲು, ಅದಕ್ಕಿಂತ ಎನ್95 ಮೇಲು. ಮೂಗಿನ ಮೇಲಿನ ತಂತಿಯನ್ನು ಎರಡೂ ಕೈಯ ಬೆರಳುಗಳಿಂದ ಒತ್ತಿ ಕೂರಿಸಿ. ಕನ್ನಡಕ ಮಂಜಾಗುತ್ತಿದ್ದರೆ ಗಾಳಿ ಮೇಲಿನಿಂದ ಸೋರುತ್ತಿದೆ ಎಂದೇ ತಿಳಿಯಿರಿ. ಮೂಗಿನ ಕೆಳಗೆ ಇಳಿಸಿದ ಮಾಸ್ಕ್ ಇದ್ದೂ ಇಲ್ಲದ ಹಾಗೆ. ಎನ್95 ಅನ್ನು ತೊಳೆಯಬೇಡಿ, ಒದ್ದೆಯಾದರೆ, ಹರಿದರೆ ಬಿಸಾಡಿ. ದಿನವಿಡೀ ಬೇಕಿಲ್ಲ. ಆಸ್ಪತ್ರೆಯೊಳಗೆ, ಗದ್ದಲದ ಬಸ್ಸು ಮೆಟ್ರೊಗಳಲ್ಲಿ, ಲಿಫ್ಟಿನಲ್ಲಿ ಹಾಕಿಕೊಂಡರೆ ಸಾಕು. ಬಯಲಿನಲ್ಲಿ ವಾಕಿಂಗ್ ಹೋಗುವಾಗ ಬಿಚ್ಚಿ ಧಾರಾಳವಾಗಿ ಉಸಿರಾಡಿ. ಕೆಮ್ಮು ಎರಡು ವಾರ ದಾಟಿದರೆ ಮಾಸ್ಕನ್ನೇ ನಂಬಿ ಕೂರದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ, ಅದು ಉಚಿತ.

ಅಪಾರ್ಟ್‌ಮೆಂಟ್ ಕಮಿಟಿಯವರಲ್ಲಿ, ಕನ್ನಡ ಕಾರ್ಯಕ್ರಮ ನಡೆಸುವವರಲ್ಲಿ ಒಂದು ಕೋರಿಕೆ. ರಾಜ್ಯೋತ್ಸವಕ್ಕೋ ಗಣಪತಿಗೋ ನಾವೆಲ್ಲ ಒಂದು ಹಾಲಿನಲ್ಲಿ ಸೇರುತ್ತೇವೆ. ಊರಿನಿಂದ ಬಂದ ಹಿರಿಯರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಬಾಗಿಲ ಬಳಿ, ಅರಿಶಿನ ಕುಂಕುಮದ ತಟ್ಟೆಯ ಪಕ್ಕದಲ್ಲಿ ಒಂದು ಡಬ್ಬಿ ಮಾಸ್ಕ್ ಇಡಿ. ತೆಗೆದುಕೊಳ್ಳಿ ಎಂದು ಯಾರಿಗೂ ಹೇಳಬೇಡಿ, ತೆಗೆದುಕೊಂಡವರನ್ನು ಏನೂ ಕೇಳಬೇಡಿ. ಕಿಟಕಿಗಳನ್ನು ತೆರೆದಿಡಿ. ನೆಗಡಿ ಹಿಡಿದ ಮಗುವನ್ನು ಹಾಡಿಸಲೇಬೇಕೆಂದು ಪಟ್ಟು ಹಿಡಿಯಬೇಡಿ. ಡಬ್ಬಿಯ ಖರ್ಚು ಕಮಿಟಿಗೆ ಹೊರೆ ಅನ್ನಿಸಿದರೆ ನಮಗೆ ತಿಳಿಸಿ, ನಾವು ತಂದಿಡುತ್ತೇವೆ.

ಈ ಹಾಳೆಯನ್ನು ಓದಿ ಮುಗಿಸಿದ ಮೇಲೆ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ ಹಚ್ಚಿ, ಇಲ್ಲವೇ ಊರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರ ಕೈಗೆ ಕೊಡಿ.

ಇಂತಿ,
ಮಿಯಾಪುರದ ಕೆಲವು ಕನ್ನಡ ಕುಟುಂಬಗಳು