ಮುಚ್ಚು ಅಂದ್ರೆ ತೆರೆಯೋದಾ?

ಜಾಹೀರಾತುಗಳ ಮೇಲೆ ನನಗೆ ಅಂಥಾ ಸಿಟ್ಟೇನಿಲ್ಲ. ಪುಕ್ಕಟೆ ಓದಬೇಕು ಅಂದ್ರೆ ಬರೆದವರ ಸಂಬಳ, ಸರ್ವರ್ ಖರ್ಚು ಎಲ್ಲಿಂದಲೋ ಹುಟ್ಟಬೇಕಲ್ಲ. ಪುಟದ ಪಕ್ಕದಲ್ಲೋ, ಎರಡು ಪ್ಯಾರಾಗಳ ನಡುವೆಯೋ ಒಂದು ಜಾಹೀರಾತು ತನ್ನ ಪಾಡಿಗೆ ಕೂತಿದ್ದರೆ ಕೂತಿರಲಿ, ಬೇಕಾದವರು ನೋಡ್ತಾರೆ. ನನ್ನ ತಕರಾರು ಓದುತ್ತಾ ಇರುವಾಗ ದಬಕ್ಕನೆ ಮುಖದ ಮೇಲೆ ಬಂದು ಬೀಳುವ, ಮುಚ್ಚಲು ಹೋದರೆ ಇನ್ನೊಂದನ್ನು ತೆರೆಯುವ ಪಾಪ್-ಅಪ್‌ಗಳದ್ದು. ಇದನ್ನು ಎಲ್ಲರೂ 'ಕಿರಿಕಿರಿ' ಅಂತಾರೆ. ಆ ಪದ ಸಾಲದು ಅಂತ ನನಗನ್ನಿಸುತ್ತೆ. ಇದು ಮೋಸ.

ಬೆಂಗಳೂರು-ಮೈಸೂರು ರೈಲಿನಲ್ಲಿ ವಡೆ ಮಾರುವವರನ್ನೇ ನೋಡಿ. "ವಡೆ ವಡೆ ಮದ್ದೂರ್ ವಡೇ..." ಅಂತ ಕಿವಿ ಹತ್ತಿರವೇ ಕೂಗ್ತಾರೆ, ಒಮ್ಮೊಮ್ಮೆ ನಿದ್ದೆಯೂ ಕೆಡುತ್ತೆ. ಆದರೆ ಬೇಡ ಅಂತ ಕೈ ಆಡಿಸಿದರೆ ಮುಂದಿನ ಸೀಟಿಗೆ ಹೋಗ್ತಾರೆ. ಬೇಡ ಅಂದ ಕೈಗೇ ವಡೆ ತುರುಕಿ "ನೀವೇ ಕೈ ಚಾಚಿದ್ರಲ್ಲ ಸ್ವಾಮಿ" ಅಂತ ದುಡ್ಡು ಕೇಳೋದಿಲ್ಲ. ಸುಳ್ಳು 'ಇಂಟು ಮಾರ್ಕ್' ಹೊತ್ತ ಪಾಪ್-ಅಪ್ ಮಾಡುವುದು ಇದನ್ನೇ.

ಇದರ ಹುಟ್ಟಿನ ಕಥೆ ಸ್ವಲ್ಪ ತಮಾಷೆಯದ್ದು. 1990ರ ದಶಕದ ಕೊನೆಯ ಹೊತ್ತಿಗೆ ಟ್ರೈಪಾಡ್ ಅಂತ ಒಂದು ತಾಣವಿತ್ತು. ನಮ್ಮ-ನಿಮ್ಮಂಥವರು ಬಿಟ್ಟಿಯಾಗಿ ಪುಟ ಕಟ್ಟಿಕೊಳ್ಳುವ ಜಾಗ. ಅಲ್ಲಿ ಯಾರದೋ ಪೋಲಿ ಪುಟದಲ್ಲಿ ಒಂದು ಕಾರ್ ಕಂಪನಿಯ ಜಾಹೀರಾತು ಬಂದುಬಿಟ್ಟು ಆ ಕಂಪನಿಯವರು ಗಾಬರಿಯಾದರು. ಆಗ ಟ್ರೈಪಾಡಿನಲ್ಲಿದ್ದ ಈಥನ್ ಝುಕರ್‌ಮನ್, ಜಾಹೀರಾತು ಪುಟದೊಳಗೇ ಇರುವುದು ಬೇಡ ಅಂತ ಅದನ್ನು ಬೇರೆ ಕಿಟಕಿಯಲ್ಲಿ ತೆರೆಯುವ ಕೋಡ್ ಬರೆದರು. ಅಂದ್ರೆ ಓದುಗನನ್ನು ಪೀಡಿಸಲಿಕ್ಕಲ್ಲ, ಜಾಹೀರಾತು ಕೊಟ್ಟವನ ಮಾನ ಉಳಿಸಲಿಕ್ಕೆ! 2014ರಲ್ಲಿ ಅವರು ದಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆದು ಕ್ಷಮೆ ಕೇಳಿದರು. ನಮ್ಮ ಕಸುಬಿನಲ್ಲಿ ಬರೆದ ಕೋಡಿಗೆ ಜನರ ಕ್ಷಮೆ ಕೇಳಿದವರು ಎಷ್ಟು ಜನ ಸಿಗ್ತಾರೆ ಹೇಳಿ.

ಆಮೇಲೆ ನಡೆದದ್ದು ಹಗ್ಗಜಗ್ಗಾಟ. 2001ರ ಸುಮಾರಿಗೆ ಎಕ್ಸ್10 ಅನ್ನೋ ಕ್ಯಾಮೆರಾ ಕಂಪನಿ, ನೀವು ನೋಡುತ್ತಿರುವ ಕಿಟಕಿಯ ಹಿಂದೆ ಅಡಗಿ ಕೂರುವ ಪಾಪ್-ಅಂಡರ್ ಜಾಹೀರಾತುಗಳಿಂದ ಕುಖ್ಯಾತವಾಯಿತು. ಒಪೆರಾ, ಮೊಝಿಲ್ಲಾದವರು ತಡೆ ಹಾಕಿದರು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಜೊತೆ ಇಂಟರ್ನೆಟ್ ಎಕ್ಸ್‌ಪ್ಲೋರರಿಗೂ ಬ್ಲಾಕರ್ ಬಂತು. ಬ್ಲಾಕರಿನ ನಿಯಮ ಬಹಳ ಸರಳ: ಓದುಗ ತಾನಾಗಿ ಕ್ಲಿಕ್ ಮಾಡಿದ್ದರೆ ಮಾತ್ರ ಹೊಸ ಕಿಟಕಿ, ಇಲ್ಲದಿದ್ದರೆ ಇಲ್ಲ.

ನನ್ನ ಪ್ರಕಾರ ಎಲ್ಲ ತಿರುವು ಇರುವುದು ಇಲ್ಲೇ. ಆವತ್ತಿನಿಂದ ಕ್ಲಿಕ್ ಅಂದ್ರೆ ಒಪ್ಪಿಗೆ, ಒಂಥರಾ ಹೆಬ್ಬೆಟ್ಟು ಒತ್ತಿದ ಹಾಗೆ. ಕಿಟಕಿ ತೆರೆಯಲು ಹೆಬ್ಬೆಟ್ಟು ಬೇಕೇ ಬೇಕು ಅಂತಾದ ಮೇಲೆ ಹೆಬ್ಬೆಟ್ಟನ್ನೇ ಕದಿಯುವ ಉಪಾಯಗಳು ಶುರುವಾದವು. ಕಣ್ಣಿಗೆ ಕಾಣದ ಪದರವೊಂದನ್ನು ಇಡೀ ಪುಟದ ಮೇಲೆ ಹೊದಿಸಿಡುವುದು, ಎಲ್ಲಿ ಮುಟ್ಟಿದರೂ ಜಾಹೀರಾತು. 'ಡೌನ್‌ಲೋಡ್' ಅಂತ ನಾಲ್ಕು ಬಟನ್, ಅದರಲ್ಲಿ ಅಸಲಿ ಒಂದೇ. ಬೆರಳಿಗಿಂತ ಸಣ್ಣ ಇಂಟು ಮಾರ್ಕ್. ಅದೂ ಐದು ಸೆಕೆಂಡ್ ಆದ ಮೇಲೆ ಬರುವುದು, ಬಂದದ್ದೂ ಬರೀ ಚಿತ್ರ. ಇನ್ನು ಬೇರೆ ಕಿಟಕಿಯನ್ನೇ ತೆರೆಯದೆ ಪುಟದೊಳಗೇ ಮೇಲಕ್ಕೆ ಎದ್ದು ನಿಲ್ಲುವ ಡಬ್ಬಿಗಳು. ಬ್ರೌಸರ್ ಪಾಲಿಗೆ ಅದೂ ಪುಟದ ಇನ್ನೊಂದು ಭಾಗ, ಲಾಗಿನ್ ಡಬ್ಬಿ ಯಾವುದು ಜಾಹೀರಾತು ಯಾವುದು ಅಂತ ಅದಕ್ಕೆ ಸುಲಭವಾಗಿ ಗೊತ್ತಾಗೋದಿಲ್ಲ. 2018ರ ಫೆಬ್ರವರಿಯಿಂದ ಕ್ರೋಮ್ ಅತಿರೇಕದ ಜಾಹೀರಾತು ಹಾಕುವ ತಾಣಗಳನ್ನು ಸೋಸಲು ಶುರುಮಾಡಿತು. ಸ್ವತಃ ಜಾಹೀರಾತಿನಿಂದ ಬದುಕುವ ಕಂಪನಿಯೇ ಜರಡಿ ಹಿಡಿದು ಕೂತಿದೆ, ಇರ್ಲಿ ಬಿಡಿ.

ಕಂಪನಿಯೊಳಗೆ ಇದು ಹೇಗೆ ತೀರ್ಮಾನವಾಗುತ್ತೆ ಗೊತ್ತಾ? ಯಾರೂ "ಬನ್ನಿ ಮೋಸ ಮಾಡೋಣ" ಅಂತ ಮೀಟಿಂಗ್ ಕರೆಯೋದಿಲ್ಲ. ಅರ್ಧ ಜನರಿಗೆ ದೊಡ್ಡ ಗುರುತು, ಇನ್ನರ್ಧಕ್ಕೆ ಸಣ್ಣದು ತೋರಿಸ್ತಾರೆ. ಸಣ್ಣದರಲ್ಲಿ ಕ್ಲಿಕ್ ಜಾಸ್ತಿ ಬಂತು, ಸಣ್ಣದೇ ಗೆದ್ದಿತು. ಆ ಕ್ಲಿಕ್ಕುಗಳಲ್ಲಿ ಜಾರಿದ ಬೆರಳೆಷ್ಟು, ಇಷ್ಟಪಟ್ಟು ಒತ್ತಿದ್ದೆಷ್ಟು ಅಂತ ಗ್ರಾಫ್ ಹೇಳುವುದಿಲ್ಲ. ಕ್ಲಿಕ್ಕಿಗಿಷ್ಟು ಅಂತ ದುಡ್ಡು ಕೊಡುವ ಜಾಹೀರಾತುದಾರನಿಗೂ ಇದು ಟೋಪಿಯೇ. ಜಾರಿದ ಬೆರಳಿಗೆ ಅವನು ಹಣ ಕಟ್ಟಿರ್ತಾನೆ.

ಇನ್ನೊಂದು ವಿಷಯ. ನನಗೆ ಗೊತ್ತಿರುವ ಎಂಜಿನಿಯರುಗಳಲ್ಲಿ ಹೆಚ್ಚಿನವರ ಲ್ಯಾಪ್‌ಟಾಪಿನಲ್ಲಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಇದೆ. ಅಂದ್ರೆ ಅಡುಗೆಯವನು ತಾನು ಬಡಿಸಿದ್ದನ್ನು ತಾನೇ ಉಣ್ಣುವುದಿಲ್ಲ. ಉಣ್ಣುವವರು ಯಾರು? ಊರಲ್ಲಿ ಅಪ್ಪ ಬೆಳಿಗ್ಗೆ ಅಡಿಕೆ ಧಾರಣೆ ನೋಡಲು ಫೋನ್ ಹಿಡಿದು ಕೂರ್ತಾರೆ. ರೇಟ್ ಕಾಣುವಷ್ಟರಲ್ಲಿ ಮೇಲೊಂದು ಜಾಹೀರಾತು ತಡವಾಗಿ ಲೋಡ್ ಆಗಿ ಪುಟ ಕೆಳಕ್ಕೆ ಜಿಗಿಯುತ್ತೆ, ಬೆರಳು ಇನ್ನೆಲ್ಲೋ ಬೀಳುತ್ತೆ, "ನಿಮ್ಮ ಫೋನಿಗೆ ವೈರಸ್ ಬಂದಿದೆ" ಅಂತ ಕೆಂಪು ಪರದೆ ಏಳುತ್ತೆ. ಅವರು ನನಗೆ ಫೋನ್ ಮಾಡಿ ಹೇಳೋದು, "ನಾನೇ ಏನೋ ತಪ್ಪು ಒತ್ತಿದೆ ಕಣೋ, ಫೋನ್ ಹಾಳಾಯ್ತೇನೋ" ಅಂತ. ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯುವುದು ಇದೇ. ಟೋಪಿ ಹಾಕಿದವನು ಆರಾಮಾಗಿದ್ದಾನೆ, ಹಾಕಿಸಿಕೊಂಡವರು ತಮ್ಮದೇ ತಪ್ಪು ಅಂದುಕೊಂಡು ಫೋನ್ ಮುಟ್ಟಲು ಹೆದರುತ್ತಾರೆ.

"ಇಷ್ಟವಿಲ್ಲದಿದ್ದರೆ ಆ ಸೈಟಿಗೆ ಹೋಗಬೇಡಿ" ಅನ್ನೋ ವಾದ ಇದೆ. ಜಾಹೀರಾತಿನ ಮಟ್ಟಿಗೆ ಒಪ್ಪುವ ಮಾತು. ಆದರೆ ಓದು ಪುಕ್ಕಟೆ, ಬದಲಿಗೆ ನಿಮ್ಮ ಗಮನ ಕೊಡಿ ಅನ್ನೋದು ವ್ಯಾಪಾರ. ಗಮನ ಕೊಡದವರ ಬೆರಳು ಹಿಡಿದು ಒತ್ತಿಸುವುದು ಯಾವ ವ್ಯಾಪಾರ?

ಅಂದಹಾಗೆ ನಮ್ಮಲ್ಲಿ ಇದಕ್ಕೆ ನಿಯಮವೂ ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 'ಡಾರ್ಕ್ ಪ್ಯಾಟರ್ನ್'ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ 13 ಬಗೆಯ ಮೋಸಗಳನ್ನು ಪಟ್ಟಿ ಮಾಡಿದೆ. ಇಂಟು ಮಾರ್ಕ್ ಒತ್ತಿದರೆ ಮುಚ್ಚುವ ಬದಲು ಇನ್ನೊಂದು ಜಾಹೀರಾತು ತೆರೆಯುವುದನ್ನು ಅದರಲ್ಲಿ ಉದಾಹರಣೆಯಾಗಿಯೇ ಕೊಟ್ಟಿದ್ದಾರೆ! ಬೇಡ ಅನ್ನುವ ಆಯ್ಕೆಯನ್ನೇ ಕೊಡದೆ ನೋಟಿಫಿಕೇಶನ್ ಆನ್ ಮಾಡಿ ಅಂತ ಪದೇಪದೇ ಪೀಡಿಸುವುದೂ ಪಟ್ಟಿಯಲ್ಲಿದೆ. ಕನ್ನಡ ತಾಣಗಳಲ್ಲಿ ಒಂದು ಸುತ್ತು ಹೊಡೆದು ಬನ್ನಿ, ಈ ನಿಯಮ ಯಾರಿಗೆ ಗೊತ್ತಿದೆ ಅಂತ ನಿಮಗೇ ತಿಳಿಯುತ್ತೆ :-)

ಅಪ್ಪನ ಫೋನಿಗೆ ಫೈರ್‌ಫಾಕ್ಸ್ ಹಾಕಿ, ಅದರಲ್ಲಿ ಯುಬ್ಲಾಕ್ ಒರಿಜಿನ್ ಕೂರಿಸಿ ಕೊಟ್ಟಿದ್ದೇನೆ (ಫೋನಿನ ಕ್ರೋಮಿನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರೋದಿಲ್ಲ). ಆದರೆ ಊರಲ್ಲಿರುವ ಎಲ್ಲ ಅಪ್ಪಂದಿರಿಗೂ ಒಬ್ಬೊಬ್ಬ ಎಂಜಿನಿಯರ್ ಮಗ ಇರೋದಿಲ್ಲವಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಇಂಥ ಪಾಪ್-ಅಪ್ ಬಗ್ಗೆ ದೂರು ಕೊಟ್ಟವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಏನು ಉತ್ತರ ಬಂತು ಅಂತ ಬರೆಯಿರಿ, ನಾನೂ ಒಂದು ಕೊಡೋಣ ಅಂತಿದ್ದೇನೆ.