ಜನನಾಯಕನ ದಿನಚರಿ

ಚುನಾವಣೆಯ ಕಾಲದಲ್ಲಿ ಪುಣೆಯ ಬೀದಿಗಳಲ್ಲಿ ಧ್ವನಿವರ್ಧಕಗಳು ಮೊಳಗತೊಡಗಿದೊಡನೆ ನಮ್ಮ ವಿದ್ಯಾರ್ಥಿಗಳು ತರಗತಿಯ ಕಿಟಕಿಗೆ ಮುತ್ತುವುದುಂಟು. ಹಾರ, ತುರಾಯಿ, ಮೆರವಣಿಗೆ, ಜಯಘೋಷ ಇಷ್ಟೇ ಜನನಾಯಕನ ಬಾಳೆಂದು ಅವರು ಭಾವಿಸಿದರೆ ತಪ್ಪು ಅವರದಲ್ಲ. ಅವರ ಕಣ್ಣಿಗೆ ಬೀಳುವುದು ಅಷ್ಟೇ. ಕಣ್ಣಿಗೆ ಬೀಳದ ಭಾಗವೇ ಹಿರಿದೆಂದು ನಮ್ಮ ಅಭಿಪ್ರಾಯ. ಇದಕ್ಕೆ ನಿದರ್ಶನವನ್ನು ಅರಸಿ ದೂರ ಹೋಗಬೇಕಾಗಿಲ್ಲ. ಗೋಪಾಲಕೃಷ್ಣ ಗೋಖಲೆಯವರು ಬಾಳಿ ದುಡಿದದ್ದು ಇದೇ ಊರಿನಲ್ಲಿ.

ಗೋಖಲೆಯವರು ಮೊದಲು ಉಪಾಧ್ಯಾಯರು. ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದರು. ಶಾಲಾಬಾಲಕರಿಗಾಗಿ ಅಂಕಗಣಿತದ ಪುಸ್ತಕವನ್ನೂ ಬರೆದರು. 1902ರಲ್ಲಿ ಕಾಲೇಜಿನಿಂದ ನಿವೃತ್ತರಾಗಿ, 1915ರಲ್ಲಿ ತೀರಿಕೊಳ್ಳುವವರೆಗೂ ವೈಸರಾಯರ ಶಾಸನಸಭೆಯ ಸದಸ್ಯರಾಗಿದ್ದರು. ಆ ಸಭೆಯಲ್ಲಿ ಸರ್ಕಾರದ ಕಡೆಯವರದೇ ಬಹುಮತ. ಮತಬಲದಿಂದ ಗೆಲ್ಲಲಾರದವರಿಗೆ ಉಳಿದ ಆಯುಧವೆಂದರೆ ಅಂಕಿ ಅಂಶಗಳು ಮಾತ್ರ. ಸರ್ಕಾರದ ವರದಿಗಳನ್ನೂ ಲೆಕ್ಕಪತ್ರಗಳನ್ನೂ ಸಾಲುಸಾಲಾಗಿ ಓದುವ ಶಿಸ್ತನ್ನು ಅವರು ನ್ಯಾಯಮೂರ್ತಿ ರಾನಡೆಯವರಿಂದ ಕಲಿತರು; ಸೊಲ್ಲಾಪುರದಲ್ಲಿ ಉಪಾಧ್ಯಾಯರಾಗಿದ್ದ ಗಣೇಶ ವೆಂಕಟೇಶ ಜೋಶಿಯವರಿಂದ ಲೆಕ್ಕದ ನೆರವನ್ನು ಪಡೆದರು.

1902ರ ಮಾರ್ಚ್ 26ರಂದು ಅವರು ಆಯವ್ಯಯದ ಮೇಲೆ ಮೊದಲ ಭಾಷಣ ಮಾಡಿದರು. ಬೊಕ್ಕಸದಲ್ಲಿ ಉಳಿತಾಯವಿದೆಯೆಂದು ಸರ್ಕಾರವು ಹಿಗ್ಗುತ್ತಿದ್ದಾಗ, ಆ ಉಳಿತಾಯವು ಬಡವರಿಂದ ಮಿತಿಮೀರಿ ಎತ್ತಿದ ತೆರಿಗೆಯ ಫಲವೆಂದು ಸರ್ಕಾರದ್ದೇ ಅಂಕಿಗಳಿಂದ ತೋರಿಸಿದರು. ಮಣ ಉಪ್ಪಿಗೆ ಎರಡೂವರೆ ರೂಪಾಯಿ ಇದ್ದ ತೆರಿಗೆ 1907ರ ವೇಳೆಗೆ ಒಂದು ರೂಪಾಯಿಗೆ ಇಳಿಯಿತು. ಒಬ್ಬರ ಮಾತಿನಿಂದಲೇ ಹೀಗಾಯಿತೆನ್ನಲಾಗದು. ಆದರೆ ವರ್ಷವರ್ಷವೂ ಬಿಡದೆ ಕೇಳಿದವರಲ್ಲಿ ಅವರು ಮುಂದಾಳು.

1911ರಲ್ಲಿ ಅವರು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಆರರಿಂದ ಹತ್ತು ವರ್ಷದ ಹುಡುಗರನ್ನು ಶಾಲೆಗೆ ಕಳುಹಿಸುವುದನ್ನು ಕಡ್ಡಾಯಗೊಳಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ ಇರಲಿ, ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಮೆ ವರಮಾನವುಳ್ಳವರಿಂದ ಶುಲ್ಕ ಬೇಡ ಎಂಬುದು ಅದರ ತಾತ್ಪರ್ಯ. 1912ರ ಮಾರ್ಚಿನಲ್ಲಿ ಸಭೆ ಅದನ್ನು ತಿರಸ್ಕರಿಸಿತು. ಪರವಾಗಿ 13 ಮತ, ವಿರೋಧವಾಗಿ 38. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಡುವ ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ ಒಂದರಂದು. ಅಂದಿನ ಸೋಲಿಗೂ ಈ ದಿನಕ್ಕೂ ನಡುವೆ ತೊಂಬತ್ತೆಂಟು ವರ್ಷ!

ಹಕ್ಕು ಕಾಗದದ ಮೇಲೆ ಬಂದುದರಿಂದ ಕೆಲಸ ಮುಗಿಯಲಿಲ್ಲ. ನಮ್ಮ ಶಾಲೆಯ ಎಷ್ಟೋ ಮಕ್ಕಳ ತಂದೆತಾಯಿಗಳಂತೆ ನಾವೂ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರೇ. ದೀಪಾವಳಿಯ ರಜೆ ಕಳೆದು ಹಾಜರಿ ಕೂಗುವಾಗ ಒಂದೆರಡು ಹೆಸರಿಗೆ ಉತ್ತರ ಬರುವುದಿಲ್ಲ. ಕಟ್ಟಡದ ಕೆಲಸ ಮುಗಿದು ಮನೆಯವರು ಬೇರೆಡೆಗೆ ಹೋಗಿರುತ್ತಾರೆ. ಆ ಹೆಸರನ್ನು ಹೊಡೆದುಹಾಕಲು ನಮಗೆ ಕೈ ಬಾರದು. ಇಂಥ ಮಕ್ಕಳ ಲೆಕ್ಕವನ್ನು ಹಿಡಿದು ಸಭೆಯಲ್ಲಿ ಎದ್ದುನಿಂತು ಕೇಳುವವನೇ ನಿಜವಾದ ಪ್ರತಿನಿಧಿ.

ಡಿ. ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಸಾರ್ವಜನಿಕ ವಿಚಾರಗಳ ಅಭ್ಯಾಸಕ್ಕಾಗಿ 1945ರಲ್ಲಿ ಸಂಸ್ಥೆಯೊಂದನ್ನು ಕಟ್ಟಿ ಅದಕ್ಕೆ ಗೋಖಲೆಯವರ ಹೆಸರನ್ನೇ ಇಟ್ಟರು. ಕನ್ನಡಿಗರಿಗೆ ಪುಣೆಯ ಈ ಹಿರಿಯರು ಅನ್ಯರಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮಗೂ ಮತದಾನದ ವಯಸ್ಸು ಬರುತ್ತದೆ. ಅಂದು ಮೆರವಣಿಗೆಯ ಉದ್ದವನ್ನು ಅಳೆಯಬೇಡಿ. ಈತ ಸಭೆಗೆ ತಪ್ಪದೆ ಹೋದನೇ, ಹೋಗುವ ಮೊದಲು ಓದಿಕೊಂಡನೇ, ಸೋತ ಮೇಲೂ ಮತ್ತೆ ಕೇಳಿದನೇ ಎಂದು ವಿಚಾರಿಸಿರಿ. ಹಾಗೆ ವಿಚಾರಿಸಲು ನಿಮಗೂ ಲೆಕ್ಕ ಬರಬೇಕು. ಆದುದರಿಂದ ಸದ್ಯಕ್ಕೆ ಕಿಟಕಿಯನ್ನು ಬಿಟ್ಟು ಅಂಕಗಣಿತದ ಪುಸ್ತಕವನ್ನು ತೆರೆಯಿರಿ.