ಕಪ್ಪಾಗಿ ಮೂಡಿದ ನೀಲಿ ಆಕಾಶ

ಬೆಳಿಗ್ಗೆ ಹೊರಡುವಾಗ ಆನ್ಸೆಲ್ ಆ್ಯಡಮ್ಸ್‌ನ ಚೀಲದಲ್ಲಿ ಹನ್ನೆರಡು ಗಾಜಿನ ಫಲಕಗಳಿದ್ದವು. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಎರಡೇ. ಅದು 1927ನೇ ಇಸವಿಯ ಏಪ್ರಿಲ್ 10. ಸ್ಥಳ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೊಸೆಮಿಟಿ ಕಣಿವೆ. ಇಪ್ಪತ್ತೈದರ ಆ ತರುಣ ಮರದ ಮುಕ್ಕಾಲಿ, ದೊಡ್ಡ ಕ್ಯಾಮೆರಾ, ಮಸೂರಗಳನ್ನೆಲ್ಲ ಬೆನ್ನಿಗೇರಿಸಿಕೊಂಡು ಹಿಮ ತುಂಬಿದ ಕೊರಕಲಿನಲ್ಲಿ ಹತ್ತಿ ಬಂದಿದ್ದ. ಜೊತೆಯಲ್ಲಿ ಮುಂದೆ ಆತನ ಹೆಂಡತಿಯಾಗಲಿದ್ದ ವರ್ಜೀನಿಯಾ ಬೆಸ್ಟ್ ಮತ್ತು ಕೆಲವು ಗೆಳೆಯರು. ಎದುರಿಗೆ ‘ಹಾಫ್ ಡೋಮ್’ ಎಂಬ ಬೆಣಚುಕಲ್ಲಿನ ಬೃಹತ್ ಬಂಡೆ. ಕವುಚಿಟ್ಟ ಕೊಬ್ಬರಿ ಗಿಟುಕನ್ನು ಮೇಲಿನಿಂದ ಕೆಳಕ್ಕೆ ಸೀಳಿ ಒಂದು ಹೋಳು ತೆಗೆದಿಟ್ಟರೆ ಹೇಗಿರುತ್ತದೋ ಹಾಗಿದೆ ಅದರ ಆಕಾರ. ತುದಿ ಕಣಿವೆಯ ನೆಲದಿಂದ ಐದು ಸಾವಿರ ಅಡಿಗೆ ಸಮೀಪ.

ಈ ಬಂಡೆಗೂ ಆತನಿಗೂ ಹಳೆಯ ನಂಟು. 1916ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅಪ್ಪ ಅಮ್ಮನೊಂದಿಗೆ ಇಲ್ಲಿಗೆ ಮೊದಲು ಬಂದಾಗ ಕೈಗೊಂದು ಕೊಡಕ್ ಬಾಕ್ಸ್ ಬ್ರೌನಿ ಕ್ಯಾಮೆರಾ ಸಿಕ್ಕಿತ್ತು. ಹಾಫ್ ಡೋಮ್ ಚೆನ್ನಾಗಿ ಕಾಣಲೆಂದು ಹುಡುಗ ಹಳೆಯ ಮರದ ಬೊಡ್ಡೆಯೊಂದನ್ನು ಹತ್ತಿದ. ಅದು ಲಡ್ಡಾಗಿತ್ತು, ಕುಸಿಯಿತು. ತಲೆಕೆಳಗಾಗಿ ಬೀಳುವಾಗ ಬೆರಳು ಗುಂಡಿ ಒತ್ತಿಬಿಟ್ಟಿತು. ಫಿಲ್ಮ್ ತೊಳೆದವನಿಗೆ ಆ ಒಂದು ಚಿತ್ರ ಮಾತ್ರ ಯಾಕೆ ಬುಡಮೇಲಾಗಿದೆಯೆಂದು ತಿಳಿಯದೆ, ಕ್ಯಾಮೆರಾವನ್ನು ತಲೆಯ ಮೇಲೆ ತಿರುಗಿಸಿ ಹಿಡಿದಿದ್ದೆಯಾ ಎಂದು ಕೇಳಿದನಂತೆ! ಅಂದಿನಿಂದ ಆ್ಯಡಮ್ಸ್ ವರ್ಷ ವರ್ಷವೂ ಯೊಸೆಮಿಟಿಗೆ ಬರುತ್ತಲೇ ಇದ್ದ. ಆದರೆ ಬದುಕಿಗೆ ಆರಿಸಿಕೊಂಡ ದಾರಿ ಬೇರೆಯಿತ್ತು. ಆತ ಪಿಯಾನೊ ವಾದಕನಾಗಬೇಕೆಂದಿದ್ದ.

ಬಂಡೆಯ ಮುಖ ಇನ್ನೂ ನೆರಳಿನಲ್ಲಿತ್ತು. ಬಿಸಿಲು ಅದರ ಮೇಲೆ ಹರಿಯುವತನಕ ಕಾದು, ವಾಡಿಕೆಯಂತೆ ಮಸೂರಕ್ಕೆ ಹಳದಿ ಫಿಲ್ಟರ್ ಸಿಕ್ಕಿಸಿ ಆ್ಯಡಮ್ಸ್ ಒಂದು ಫಲಕ ಮುಗಿಸಿದ. ಮುಗಿಸಿದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಬಂಡೆಯೇನೋ ಚಿತ್ರದಲ್ಲಿ ಬರುತ್ತದೆ; ಆದರೆ ಅದರೆದುರು ನಿಂತಾಗ ಎದೆ ನಡುಗಿಸುವ ಆ ಗಾಂಭೀರ್ಯ ಬರುವುದಿಲ್ಲ. ಆಕಾಶ ಸಪ್ಪೆ ಬೂದು ಬಣ್ಣಕ್ಕೆ ತಿರುಗಿ ಎಲ್ಲವೂ ಸಾಧಾರಣವಾಗಿಬಿಡುತ್ತದೆ. ಆತನ ಮನಸ್ಸಿನಲ್ಲಿ ಕಂಡ ಚಿತ್ರವೇ ಬೇರೆ. ಅಲ್ಲಿ ಆಕಾಶ ಕಪ್ಪಾಗಿತ್ತು, ನೆರಳು ದಟ್ಟವಾಗಿತ್ತು, ದೂರದ ಹಿಮಶಿಖರ ಬೆಳ್ಳಗೆ ಹೊಳೆಯುತ್ತಿತ್ತು. ಉಳಿದ ಒಂದೇ ಫಲಕಕ್ಕೆ ಆತ ಗಾಢ ಕೆಂಪು ಫಿಲ್ಟರ್ ಹಾಕಿದ. ರ‍್ಯಾಟನ್ 29 ಅದರ ಹೆಸರು. ಈ ಕೆಂಪು ಗಾಜು ಬೆಳಕನ್ನು ಎಷ್ಟು ತಡೆಯುತ್ತದೆಯೆಂದರೆ, ಇಲ್ಲದಾಗ ಬೇಕಾಗುವ ಹೊತ್ತಿನ ಹದಿನಾರು ಪಟ್ಟು ಶಟರ್ ತೆರೆದಿಡಬೇಕಿತ್ತು. ಐದು ಸೆಕೆಂಡ್. ಅಷ್ಟು ಹೊತ್ತು ಗಾಳಿಯೊಂದು ಮುಕ್ಕಾಲಿಯನ್ನು ಅಲುಗಿಸಿದ್ದರೂ ಕತೆ ಮುಗಿಯುತ್ತಿತ್ತು.

ಅಂದು ಸಂಜೆ ಫಲಕ ತೊಳೆದು ನೋಡಿದಾಗ, ಬೇಕೆಂದದ್ದು ಬೇಕೆಂದಂತೆಯೇ ಬಂದಿತ್ತು.

ಕೆಂಪು ಗಾಜಿಗೂ ಕಪ್ಪು ಆಕಾಶಕ್ಕೂ ಏನು ಸಂಬಂಧ? ಮಿಠಾಯಿಗೆ ಸುತ್ತುವ ಕೆಂಪು ಜಿಲೇಟಿನ್ ಕಾಗದವನ್ನು ಕಣ್ಣಿಗೆ ಹಿಡಿದು ಆಡಿದ ಮಕ್ಕಳಿಗೆ ಅರ್ಧ ಉತ್ತರ ಗೊತ್ತಿರುತ್ತದೆ. ಅದರ ಮೂಲಕ ನೋಡಿದರೆ ಬಿಳಿ ಹಾಳೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಬರೆದದ್ದು ಮಾಯವಾಗುತ್ತದೆ, ನೀಲಿ ಶಾಯಿಯಲ್ಲಿ ಬರೆದದ್ದು ಕಪ್ಪಾಗುತ್ತದೆ. ಇನ್ನರ್ಧ ಉತ್ತರ ಆಕಾಶದಲ್ಲಿದೆ. ಬೆಳಕಿನ ತರಂಗದೂರ ಕಡಿಮೆಯಾದಷ್ಟೂ ಗಾಳಿಯ ಅಣುಗಳು ಅದನ್ನು ಹೆಚ್ಚು ಚದರಿಸುತ್ತವೆ. ಲೆಕ್ಕ ಹಾಕಿದರೆ 450 ನ್ಯಾನೊಮೀಟರ್‌ನ ನೀಲಿ ಬೆಳಕು 700 ನ್ಯಾನೊಮೀಟರ್‌ನ ಕೆಂಪಿಗಿಂತ ಸುಮಾರು ಆರು ಪಟ್ಟು ಹೆಚ್ಚು ಚದರುತ್ತದೆ. ಆದ್ದರಿಂದಲೇ ಆಕಾಶ ನೀಲಿ. ಆ ನೀಲಿಯನ್ನು ಕೆಂಪು ಗಾಜು ತಡೆದರೆ ಫಲಕದ ಮೇಲೆ ಆಕಾಶದ ಗುರುತು ಬೀಳುವುದಿಲ್ಲ. ಅಚ್ಚು ಹಾಕಿದಾಗ ಆ ಜಾಗ ಕಪ್ಪು. ಹಿಮ ಎಲ್ಲ ಬಣ್ಣಗಳನ್ನೂ ಹಿಂದಕ್ಕೆ ಕಳಿಸುವುದರಿಂದ ಅದರ ಬಿಳುಪಿಗೆ ಧಕ್ಕೆಯಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ. ಬಯಲಿನಲ್ಲಿ ನೆರಳಿಗೆ ಬೆಳಕು ಕೊಡುವುದು ಬಹುಮಟ್ಟಿಗೆ ಆಕಾಶವೇ, ಅಂದರೆ ನೀಲಿ ಬೆಳಕೇ. ಹಾಗಾಗಿ ಕೆಂಪು ಫಿಲ್ಟರ್ ಆಕಾಶದೊಂದಿಗೆ ನೆರಳುಗಳನ್ನೂ ಕಪ್ಪಾಗಿಸುತ್ತದೆ. ಚಿತ್ರದ ಗಾಂಭೀರ್ಯಕ್ಕೆ ಇದೂ ಕಾರಣ. ಜೊತೆಗೆ, ಆ್ಯಡಮ್ಸ್ ಒಯ್ದದ್ದು ಕೆಂಪು ಬೆಳಕಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಲಕ. ಹಳೆಯ ಕಾಲದ ಫಲಕಗಳಿಗೆ ಕೆಂಪೇ ಕಾಣುತ್ತಿರಲಿಲ್ಲ. ಅವುಗಳನ್ನು ತಂದಿದ್ದರೆ ಎಂಥ ಸ್ಫೂರ್ತಿ ಬಂದಿದ್ದರೂ ಫಲಕ ಖಾಲಿ.

ಇದು ಮೋಸವಲ್ಲವೇ, ನೀಲಿ ಆಕಾಶವನ್ನು ಕಪ್ಪೆಂದು ತೋರಿಸಬಹುದೇ ಎಂದು ಕೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ತಳ್ಳಿಹಾಕುವ ಪ್ರಶ್ನೆಯಲ್ಲ. ಹೂವಿನ ಜಾತಿ ಗುರುತಿಸಲೆಂದು ತೆಗೆದ ಚಿತ್ರದಲ್ಲಿ ಬಣ್ಣ ಬದಲಿಸಿದರೆ ಅದು ತಪ್ಪೇ. ಆದರೆ ಕಪ್ಪು-ಬಿಳುಪು ಚಿತ್ರದಲ್ಲಿ ಆಕಾಶ ಬೂದು ಬಣ್ಣಕ್ಕೆ ತಿರುಗಿದಾಗ ಯಾರೂ ಸುಳ್ಳು ಅನ್ನುವುದಿಲ್ಲವಲ್ಲ! ಆ್ಯಡಮ್ಸ್ ಬಂಡೆಯನ್ನು ಸರಿಸಲಿಲ್ಲ, ಇಲ್ಲದ ಮೋಡವನ್ನು ತಂದು ಅಂಟಿಸಲಿಲ್ಲ. ಅಲ್ಲಿದ್ದ ಬೆಳಕಿನಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಹೊರಗಿಡಬೇಕು ಎಂಬುದನ್ನು ಮೊದಲೇ ನಿರ್ಧರಿಸಿದ, ಅಷ್ಟೆ. ಇಂದಿನ ಮೊಬೈಲ್ ಫೋನೂ ಆಕಾಶವನ್ನು ಒಂದಿಷ್ಟು ನೀಲಿಯಾಗಿಸಿ, ನೆರಳನ್ನು ತಿಳಿಯಾಗಿಸಿಯೇ ಚಿತ್ರ ಕೊಡುತ್ತದೆ. ಅಲ್ಲಿ ನಿರ್ಧಾರ ಮಾಡಿದವನು ಎಲ್ಲೋ ಕೂತ ಎಂಜಿನಿಯರ್. ಗುಂಡಿ ಒತ್ತಿದವನಿಗೆ ಅದು ಗೊತ್ತೇ ಇರುವುದಿಲ್ಲ. ಎರಡರಲ್ಲಿ ಹೆಚ್ಚು ಪ್ರಾಮಾಣಿಕ ಯಾವುದೆಂದು ಓದುಗರೇ ಯೋಚಿಸಲಿ.

ಆ್ಯಡಮ್ಸ್ ಮುಂದೆ ಪಿಯಾನೊವನ್ನು ವೃತ್ತಿಯಾಗಿಸಿಕೊಳ್ಳುವ ಆಸೆ ಬಿಟ್ಟ. ಆದರೆ ಸಂಗೀತದ ಶಿಸ್ತು ಬಿಡಲಿಲ್ಲ. ನೆಗೆಟಿವ್ ಎಂದರೆ ಸಂಗೀತಗಾರ ಬರೆದಿಟ್ಟ ಸ್ವರಲಿಪಿ, ಅದರಿಂದ ಅಚ್ಚು ಹಾಕುವುದೆಂದರೆ ಕಛೇರಿ ಎಂಬುದು ಆತನ ಹೋಲಿಕೆ. ಒಂದೇ ನೆಗೆಟಿವ್‌ನಿಂದ ಬೇರೆ ಬೇರೆ ವರ್ಷಗಳಲ್ಲಿ ಆತ ಹಾಕಿದ ಅಚ್ಚುಗಳು ಒಂದರಂತೆ ಒಂದಿಲ್ಲ.

ಅಂಥ ಅಚ್ಚುಗಳಲ್ಲಿ ಹೆಸರಾದದ್ದು ‘ಮೂನ್‌ರೈಸ್, ಹರ್ನಾಂಡೆಜ್’. ನ್ಯೂ ಮೆಕ್ಸಿಕೊದಲ್ಲಿ ಒಂದು ಸಂಜೆ ಮಗ ಮತ್ತು ಗೆಳೆಯನೊಂದಿಗೆ ಕಾರಿನಲ್ಲಿ ಬರುವಾಗ, ಹಳ್ಳಿಯೊಂದರ ಹಿಂದೆ ಚಂದ್ರ ಮೇಲೇರಿದ್ದು ಕಂಡಿತು. ಮುಂದೆ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಇಳಿಬಿಸಿಲು. ಗಾಡಿ ನಿಲ್ಲಿಸಿ ಕ್ಯಾಮೆರಾ ಹೂಡುವಷ್ಟರಲ್ಲಿ ಬೆಳಕು ಅಳೆಯುವ ಮೀಟರ್ ಸಿಗಲಿಲ್ಲ. ಎಲ್ಲಿ ಹುಡುಕಿದರೂ ಇಲ್ಲ! ಬಿಸಿಲು ಜಾರುತ್ತಿತ್ತು. ಆಗ ನೆನಪಾದದ್ದು ಒಂದೇ ಅಂಕಿ: ಚಂದ್ರನ ಮೇಲ್ಮೈಯ ಹೊಳಪು ಚದರ ಅಡಿಗೆ 250 ಕ್ಯಾಂಡಲ್. ಚಂದ್ರನೂ ಬಿಸಿಲಿಗೆ ಬಿದ್ದ ಕಲ್ಲೇ ತಾನೇ. ಸೂರ್ಯನಿಂದ ನಾವಿರುವಷ್ಟೇ ದೂರದಲ್ಲಿದ್ದಾನೆ, ಹೊಳಪು ಹೆಚ್ಚೇನೂ ಏರುಪೇರಾಗದು. ಆ ಅಂಕಿಯ ಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕಿ ಒಂದು ಸೆಕೆಂಡ್ ಶಟರ್ ತೆರೆದ. ಎಚ್ಚರಿಕೆಗೆ ಇನ್ನೊಂದು ಚಿತ್ರ ತೆಗೆದಿಡೋಣವೆಂದು ಫಿಲ್ಮಿನ ಚೌಕಟ್ಟನ್ನು ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಯಿತು. ಇರುವುದು ಆ ಒಂದೇ ನೆಗೆಟಿವ್.

ತಮಾಷೆಯೆಂದರೆ ಸೆಕೆಂಡಿನ ಲೆಕ್ಕ ತಪ್ಪದ ಈ ಮನುಷ್ಯ ತಾರೀಖು ಬರೆದಿಡಲಿಲ್ಲ. ಚಿತ್ರ ತೆಗೆದದ್ದು 1940 ಎಂದೊಮ್ಮೆ, 1942 ಎಂದೊಮ್ಮೆ, 1944 ಎಂದೂ ಒಮ್ಮೆ ಹೇಳಿದ್ದುಂಟು. ಆತ ಬದುಕಿದ್ದಾಗಲೇ ಡೇವಿಡ್ ಎಲ್ಮೋರ್ ಎಂಬ ವಿಜ್ಞಾನಿ ಚಿತ್ರದಲ್ಲಿನ ಚಂದ್ರನ ಸ್ಥಾನದಿಂದ ಲೆಕ್ಕ ಹಾಕಿ 1941ರ ಅಕ್ಟೋಬರ್ 31, ಸಂಜೆ 4 ಗಂಟೆ 3 ನಿಮಿಷ ಎಂದರು. ಆದರೆ ಆ ಹೊತ್ತಿಗೆ ಅಲ್ಲಿ ಸೂರ್ಯಾಸ್ತಕ್ಕೆ ಇನ್ನೂ ಒಂದು ಗಂಟೆ ಬಾಕಿ. ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯ ಡೆನಿಸ್ ಡಿ ಚಿಕೊ ಕ್ಯಾಮೆರಾ ನಿಂತಿದ್ದ ಜಾಗವನ್ನು ಇನ್ನಷ್ಟು ನಿಖರವಾಗಿ ಗುರುತಿಸಿ 1991ರಲ್ಲಿ ಲೆಕ್ಕ ತಿದ್ದಿದರು. ಚಂದ್ರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನಲ್ಲ, ಉತ್ತರವೂ ಹೆಚ್ಚುಕಡಿಮೆ ಅಷ್ಟೇ ಜರುಗಿತು. 1941ರ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ 20 ಸೆಕೆಂಡ್. ಹುಣ್ಣಿಮೆಗೆ ಎರಡು ದಿನ ಮುಂಚೆ. ಆ ಹೊತ್ತಿಗೆ ಆ್ಯಡಮ್ಸ್ ತೀರಿಕೊಂಡು ಏಳು ವರ್ಷವಾಗಿತ್ತು.